ನಾಲ್ಕು ವರ್ಷದ ಮಗುವಿಗೆ ಕಂಪ್ಯೂಟರ್: ಈಗಲೇ ಕಲಿಸಬೇಕೇ?

ತುಮಕೂರಿನ ತಾಯಿಯೊಬ್ಬರ ಪ್ರಶ್ನೆ: ಮಗಳಿಗೆ ನಾಲ್ಕು ತುಂಬಿದೆ. ಶಾಲೆಯವರು ಎಲ್‌ಕೆಜಿಯಲ್ಲೇ ಕಂಪ್ಯೂಟರ್ ತರಗತಿ ಎಂದು ಪ್ರತ್ಯೇಕ ಶುಲ್ಕ ಕಟ್ಟಿಸಿಕೊಂಡು ಪುಸ್ತಕ ಕೊಟ್ಟಿದ್ದಾರೆ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದೆ. ಕಣ್ಣು ಹಾಳಾಗುತ್ತದೆ ಎನ್ನುತ್ತಾರೆ ಮಾವನವರು. ಈಗ ಕಲಿಯದಿದ್ದರೆ ಹಿಂದೆ ಬೀಳುತ್ತಾಳೆ ಎನ್ನುತ್ತಾರೆ ಯಜಮಾನರು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ ಒಬ್ಬ ತಂದೆ: ಮೊದಲು ಆ ಪುಸ್ತಕದ ವಿಷಯ. ನನ್ನ ಮಗನಿಗೂ ಅಂಥದೊಂದು ಕೊಟ್ಟಿದ್ದರು. ಮಾನಿಟರ್ ಚಿತ್ರಕ್ಕೆ ಬಣ್ಣ ತುಂಬಬೇಕು, ಸಿಪಿಯು ಎಂದರೆ ಕಂಪ್ಯೂಟರಿನ ಮೆದುಳು ಎಂದು ಬಾಯಿಪಾಠ ಮಾಡಬೇಕು. ಮಿಕ್ಸಿಯ ಭಾಗಗಳ ಹೆಸರು ಒಪ್ಪಿಸಿದ ಮಾತ್ರಕ್ಕೆ ಚಟ್ನಿ ರುಬ್ಬಲು ಬರುವುದಿಲ್ಲ. ಶುಲ್ಕ ಹೋಯಿತೆಂದುಕೊಂಡು ಅದನ್ನು ಪಕ್ಕಕ್ಕಿಡಿ. ಹಿಂದೆ ಬೀಳುವ ಭಯವೂ ಬೇಡ. ಇಂದು ಕಂಪ್ಯೂಟರನ್ನೇ ನಂಬಿ ಬದುಕುತ್ತಿರುವ ನನ್ನ ಓರಗೆಯವರಲ್ಲಿ ಬಹಳಷ್ಟು ಮಂದಿ ಮೌಸ್ ಮುಟ್ಟಿದ್ದೇ ಕಾಲೇಜಿಗೆ ಹೋದ ಮೇಲೆ.

ಹಾಗೆಂದು ಲ್ಯಾಪ್‌ಟಾಪನ್ನು ಮುಚ್ಚಿಡಿ ಎನ್ನುವವನಲ್ಲ. ಅದಕ್ಕೆ ಟಕ್ಸ್ ಪೇಂಟ್ ಹಾಕಿ. 2002ರಿಂದ ಬಳಕೆಯಲ್ಲಿರುವ, ಚಿತ್ರ ಬಿಡಿಸುವ ಉಚಿತ ತಂತ್ರಾಂಶ ಅದು. ಮೂರು ವರ್ಷ ದಾಟಿದ ಮಕ್ಕಳಿಗೆಂದೇ ಮಾಡಿದ್ದು. ಜಾಹೀರಾತಿನ ಕಾಟವಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಡ. ಕೈ ಇನ್ನೂ ಕೂಡದಿದ್ದರೆ ಜಿಕಾಂಪ್ರಿ ಎಂಬ ಇನ್ನೊಂದು ಉಚಿತ ತಂತ್ರಾಂಶದಿಂದ ಆರಂಭಿಸಬಹುದು. ಅದರ ಒಂದು ಆಟದಲ್ಲಿ ಮೌಸ್ ಓಡಾಡಿಸಿದರೆ ಸಾಕು, ಮೇಲಿನ ಬಣ್ಣದ ಚೌಕಗಳು ಅಳಿಸುತ್ತಾ ಹೋಗಿ ಅಡಿಯಲ್ಲಿದ್ದ ಚಿತ್ರ ಕಾಣುತ್ತದೆ. ಅದು ಕೈವಶವಾದ ಮೇಲೆ ಒಂದು ಕ್ಲಿಕ್ಕಿನ ಆಟ, ಅನಂತರ ಎರಡು ಕ್ಲಿಕ್ಕಿನದು. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಎಳೆಯ ಬೆರಳುಗಳಿಗೆ ಕಷ್ಟ. ಸಣ್ಣ ಮೌಸೊಂದನ್ನು ಕೊಳ್ಳಿ. ಕಾಲು ಜೋತಾಡದಂತೆ ಕೆಳಗೊಂದು ಮಣೆ ಇಡಿ. ವೈಫೈ ಆಫ್ ಮಾಡಿ. ಈ ಕೊನೆಯದನ್ನು ಮಾತ್ರ ಮರೆಯಬೇಡಿ.

ಕಲಬುರಗಿಯಿಂದ ಒಬ್ಬ ತಾಯಿ: ವೈಫೈ ಮಾತಿಗೆ ನನ್ನದೂ ಒಪ್ಪಿಗೆ. ನಮ್ಮ ಮನೆಯಲ್ಲಿ ಅಕ್ಷರದ ಆಟವೆಂದು ಆರಂಭವಾದದ್ದು ವಾರ ಕಳೆಯುವುದರೊಳಗೆ ಬರೀ ವಿಡಿಯೊ ಆಯಿತು. ಒಂದು ಮುಗಿದರೆ ಇನ್ನೊಂದು ತಾನಾಗಿಯೇ ಬರುತ್ತದೆ, ಊಟಕ್ಕೆ ಕರೆದರೆ ರಂಪ. ಬಣ್ಣ ಬಳಿಯುವ ಆಟವನ್ನು ಬಿಟ್ಟೇಳುವಾಗ ಇಷ್ಟು ಅಳು ಇರುವುದಿಲ್ಲ.

ಶಿರಸಿ ಕಡೆಯ ನಿವೃತ್ತ ಶಿಶುವಿಹಾರ ಶಿಕ್ಷಕಿ: ನಿಮ್ಮ ಮಾವನವರ ಆತಂಕವನ್ನು ತಳ್ಳಿಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇದು: ಮೂರು, ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಟಿವಿ, ಮೊಬೈಲ್ ಎಲ್ಲ ಸೇರಿ ಒಂದು ಗಂಟೆ. ನನ್ನನ್ನು ಕೇಳಿದರೆ ಕಂಪ್ಯೂಟರಿಗೆ ಕಾಲು ಗಂಟೆ ಧಾರಾಳ.

ನಮ್ಮ ಶಿಶುವಿಹಾರಕ್ಕೆ ದಾನಿಯೊಬ್ಬರು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಒಂದೇ ಕುರ್ಚಿ ಹಾಕಿದಾಗ ಮಗು ಮೂಕವಾಗಿ ಪರದೆ ನೋಡುತ್ತಿತ್ತು. ಎರಡು ಕುರ್ಚಿ ಹಾಕಿದೆವು. ಆಮೇಲೆ ಕೇಳಬೇಕಿತ್ತು ಗಲಾಟೆಯನ್ನು! ‘ಆನೆಗೆ ಹಸಿರು ಬೇಡ’, ‘ಈಗ ನನ್ನ ಸರದಿ’, ‘ಬಾಲ ಎಲ್ಲಿ ಹೋಯಿತು?’ ಮಾತು ಬೆಳೆದದ್ದು, ಸರದಿ ಕಾಯುವುದನ್ನು ಕಲಿತದ್ದು ಆ ಜಗಳದಲ್ಲಿ. ಮನೆಯಲ್ಲಿ ಎರಡನೆಯ ಕುರ್ಚಿ ನಿಮ್ಮದು. ಅಡುಗೆ ಮುಗಿಸಿಕೊಳ್ಳಲು ಮಗುವನ್ನು ಅದರ ಮುಂದೆ ಕೂರಿಸುವುದಾದರೆ ಬೇಡವೇ ಬೇಡ; ಅದರ ಬದಲು ಅವರೆಕಾಯಿ ಕೊಟ್ಟು ನಿಮ್ಮ ಪಕ್ಕದಲ್ಲೇ ಸುಲಿಯಲು ಕೂರಿಸಿ. ಪೆನ್ಸಿಲ್ ಹಿಡಿಯುವ ಬೆರಳುಗಳು ಅಲ್ಲಿ ತಯಾರಾಗುತ್ತವೆ.

ಡಲ್ಲಾಸ್‌ನಲ್ಲಿರುವ ಕನ್ನಡಿಗರೊಬ್ಬರು: ನಮಗೆ ಇದು ಕನ್ನಡ ಉಳಿಸಿಕೊಳ್ಳುವ ದಾರಿಯಾಗಿತ್ತು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿರುವ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕೆ ಕೀಲಿ ಒತ್ತಿದರೆ ಕ, ಜೊತೆಗೆ ಐ ಒತ್ತಿದರೆ ಕಿ. ಗುಣಿತಾಕ್ಷರ ಕಣ್ಣೆದುರೇ ಹುಟ್ಟುವುದು ಮಗಳಿಗೆ ಭಾರಿ ಮೋಜು. ಆದರೆ ಇದು ಐದು ದಾಟಿದ ಮೇಲೆ, ಅಕ್ಷರಗಳ ಗುರುತು ಹತ್ತಿದ ಮೇಲೆ. ಸದ್ಯಕ್ಕೆ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ತೊಡೆಯ ಮೇಲೆ ಕೂರಿಸಿಕೊಂಡು ನೀವೇ ಓದಿ ಹೇಳಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಟಕ್ಸ್ ಪೇಂಟ್ ಹಾಕಿದೆವು, ಮಾವನವರೇ ಪಕ್ಕದಲ್ಲಿ ಕುಳಿತಿದ್ದರು. ಒಂದೇ ತೊಡಕು: ಮಗಳು ಮೌಸಿನ ಬಲಗುಂಡಿಯನ್ನೇ ಒತ್ತುತ್ತಾಳೆ, ಬಣ್ಣ ಬೀಳುವುದಿಲ್ಲ.

ಮೈಸೂರಿನ ತಂದೆ: ಟಕ್ಸ್ ಪೇಂಟ್ ಜೊತೆಗೆ ಸೆಟ್ಟಿಂಗ್ಸ್ ಬದಲಿಸುವ ಪುಟ್ಟ ತಂತ್ರಾಂಶವೊಂದು ಬರುತ್ತದೆ. ಅದರ ಮೌಸ್ ವಿಭಾಗದಲ್ಲಿ ಗುಂಡಿಗಳ ನಡುವಿನ ಭೇದ ತೆಗೆದುಹಾಕುವ ಆಯ್ಕೆ ಇದೆ. ಅದನ್ನು ಆರಿಸಿದರೆ ಯಾವ ಗುಂಡಿ ಒತ್ತಿದರೂ ಕುಂಚ ಓಡುತ್ತದೆ. ಮುದ್ರಣವನ್ನೂ ಅಲ್ಲಿಯೇ ತಡೆಯಬಹುದು. ಮನೆಯಲ್ಲಿ ಪ್ರಿಂಟರ್ ಇದ್ದರೆ ಮೊದಲು ಆ ಕೆಲಸ ಮಾಡಿ.