ಟ್ರೇಜನ್ ಕಂಬದ ಉಬ್ಬುಶಿಲ್ಪ: ನೆಲದ ಮೇಲೆ ಕೆತ್ತಿದ್ದೋ, ನಿಲ್ಲಿಸಿದ ಮೇಲೋ?

ಉಳಿಪೆಟ್ಟು: ರೋಮಿನ ಟ್ರೇಜನ್ ಕಂಬದ (ಕ್ರಿ.ಶ. 113) ಸುರುಳಿ ಪಟ್ಟಿಕೆಯನ್ನು (ಕಂಬವನ್ನು ಸುತ್ತಿ ಏರುವ ಉಬ್ಬುಶಿಲ್ಪದ ಪಟ್ಟಿ) ಕಂಬ ನಿಂತ ಮೇಲೆ ಅಟ್ಟಣಿಗೆ ಕಟ್ಟಿ ಕೆತ್ತಿದರು ಅಂತಾರೆ. ನನಗೆ ಒಪ್ಪಿಗೆಯಿಲ್ಲ. ಒಂದರ ಮೇಲೊಂದು ಪೇರಿಸಿದ ದುಂಡು ಕಲ್ಲುಗಳಲ್ಲಿ, ಅಂದರೆ ಅಮೃತಶಿಲೆ ಡ್ರಮ್‌ಗಳಲ್ಲಿ, ಒಂದೊಂದೂ ಸುಮಾರು 3.7 ಮೀಟರ್ ಅಗಲ, 1.5 ಮೀಟರ್ ಎತ್ತರ. ಒಳಗಿನ 185 ಮೆಟ್ಟಿಲುಗಳನ್ನು ಕೊರೆದದ್ದು ನೆಲದ ಮೇಲೆಯೇ. ಒಳಗನ್ನು ಕೆಳಗೇ ಮುಗಿಸಿದವರು ಹೊರಗನ್ನು ಯಾಕೆ ಉಳಿಸಿಕೊಂಡಾರು?

ಹಲ್ಲುಳಿ: ಡ್ರಮ್‌ಗಳ ಕೂಡುಗೆರೆ ಮಟ್ಟವಾಗಿದೆ, ಪಟ್ಟಿಕೆ ಓರೆಯಾಗಿ ಏರುತ್ತದೆ. ಹಾಗಾಗಿ ಗೆರೆ ಕುದುರೆ, ಸೈನಿಕ ಎನ್ನದೆ ಆಕೃತಿಗಳ ಮೈಮೇಲೇ ಹಾಯುತ್ತದೆ. ಕೆಳಗೇ ಕೆತ್ತಿದ್ದರೆ ಎರಡು ಕಲ್ಲಿನ ಬಟ್ಟೆಯ ನೆರಿಗೆಗಳು ಒಂದಕ್ಕೊಂದು ಕೂಡಬೇಕಿತ್ತು. ಸುಮಾರು 30 ಟನ್ ಕಲ್ಲನ್ನು ಇಳಿಸುವಾಗ ಮೊದಲು ಸಿಡಿಯುವುದು ಅಂಚು. ಅಲ್ಲಿ ಮೂಗಿದ್ದರೆ ಮೂಗೇ ಹೋಯಿತು! ಹೊರಮೈಯಲ್ಲಿ ಒಂದಿಷ್ಟು ಕಲ್ಲು ಹೆಚ್ಚಿಗೆ ಬಿಟ್ಟು ನಿಲ್ಲಿಸಿ, ಆಮೇಲೆ ತಗ್ಗಿಸುತ್ತಾ ಬರುವುದು ಹಳೇ ಪದ್ಧತಿ. ಗ್ರೀಕ್ ಕಂಬಗಳ ಮೈಮೇಲಿನ ಉದ್ದುದ್ದ ತೋಡುಗೆರೆಗಳನ್ನೂ ಹೀಗೇ ಕೊರೆಯುತ್ತಿದ್ದರು. ಸಿಸಿಲಿಯ ಸೆಜೆಸ್ತಾ ದೇಗುಲದಲ್ಲಿ ಆ ಕೆಲಸ ನಿಂತು ಕಂಬಗಳು ಬೋಳಾಗಿಯೇ ಉಳಿದಿವೆ. ಮೆಟ್ಟಿಲಿನ ಲೆಕ್ಕ ಬೇರೆ ಸಾರ್, ಕಲ್ಲು ಪೇರಿಸಿದ ಮೇಲೆ ಒಳಗೆ ಸುತ್ತಿಗೆ ಬೀಸಲು ಜಾಗವೆಲ್ಲಿ?

ನೆರಳುಬೆಳಕು: ಒಳಗಿನ ಮೆಟ್ಟಿಲಿಗೆ ಬೆಳಕು ಬಿಡುವ ಬೆಳಕಿಂಡಿಗಳನ್ನೂ ನೋಡಿ, 40ಕ್ಕೂ ಹೆಚ್ಚಿವೆ. ಕೆಲವು ಕೋಟೆಗೋಡೆಯ ಚಿತ್ರದೊಳಗೆ ಅಡಗಿವೆ, ಕೆಲವು ದೃಶ್ಯದ ನಡುವೆಯೇ ತೂತು ಹೊಡೆದಂತಿವೆ. ಮೆಟ್ಟಿಲಿನವರಿಗೂ ಶಿಲ್ಪಿಗಳಿಗೂ ಒಂದೇ ನಕ್ಷೆ ಇದ್ದ ಹಾಗೆ ಕಾಣುವುದಿಲ್ಲ.

ಉಳಿಪೆಟ್ಟು: ಕೂಡುಗೆರೆಯ ಮಾತು ಒಪ್ಪಿದೆ. ಆದರೆ ಅಷ್ಟು ಎತ್ತರಕ್ಕೆ ಕೆಲವೇ ಸೆಂ.ಮೀ. ಉಬ್ಬು ಸಾಕೇ? 2,600ರಷ್ಟು ಆಕೃತಿ, ಕೆಳಗಿನಿಂದ ಬರೀ ಸುಕ್ಕು.

ಹಲ್ಲುಳಿ: ಉಬ್ಬು ಹೆಚ್ಚಲೆಂದು ಆಳಕ್ಕೆ ಕೊರೆದರೆ ಕಂಬದ ಅಂಚುಗೆರೆಯೇ ಹಲ್ಲುಹಲ್ಲಾಗಿ ಕಾಣುತ್ತದೆ. ರೋಮಿನಲ್ಲೇ ಆಮೇಲೆ ಎದ್ದ ಮಾರ್ಕಸ್ ಆರೇಲಿಯಸ್ ಕಂಬದಲ್ಲಿ ಆಗಿದ್ದು ಅದೇ. ಅಲ್ಲಿ ಪಟ್ಟಿಕೆ ಅಗಲ, ಆಕೃತಿ ಕಡಿಮೆ; ಕೂದಲು, ನೆರಿಗೆಗಳಿಗೆ ಬೈರಿಗೆ ಆಡಿಸಿ ಕಪ್ಪು ನೆರಳು ಬರಿಸಿದ್ದಾರೆ. ದೂರದಿಂದ ಓದಲು ಸಲೀಸು. ಬೆಲೆಯೂ ತೆತ್ತಿದೆ: ಹೊರಚಾಚಿದ ತಲೆ, ತೋಳು ಎಷ್ಟೋ ಕಡೆ ಮುರಿದಿವೆ.

ನೆರಳುಬೆಳಕು: ಟ್ರೇಜನ್ ಕಂಬಕ್ಕೆ ಬಣ್ಣವಿತ್ತು ಎಂದುಕೊಂಡರೆ ತೆಳು ಉಬ್ಬೂ ನಡೆಯುತ್ತಿತ್ತು. ಈಟಿ, ಕತ್ತಿ ಇರಬೇಕಾದ ಎಷ್ಟೋ ಕೈಗಳು ಈಗ ಖಾಲಿ. ಲೋಹದ್ದೋ ಬಣ್ಣದ್ದೋ ಏನೋ ಅಲ್ಲಿತ್ತು.

ಹಲ್ಲುಳಿ: ಇರಬಹುದು, ಬಣ್ಣದ ವಾದ ಇನ್ನೂ ಮುಗಿದಿಲ್ಲ. ಕೂಡುಗೆರೆ ಹುಡುಕುವವರಿಗೆ ಒಂದು ಮಾತು: ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಎರಡು ತುಂಡಾಗಿ ನಿಂತಿರುವುದು ಟ್ರೇಜನ್ ಕಂಬದ ಪ್ಲಾಸ್ಟರ್ ಅಚ್ಚು, 1860ರ ದಶಕದ್ದು. ಅದರಲ್ಲಿ ಕಾಣುವ ಹಲಗೆಗಳ ಸಂದು ಅಚ್ಚಿನದು, ಕಲ್ಲಿನದಲ್ಲ.