ಟೋಕಿಯೋದಲ್ಲಿ ಸುಶಿ ಕ್ಲಾಸ್: 8 ಜನರ ಗುಂಪು, 3 ಜನ ಸಸ್ಯಾಹಾರಿ. ಬುಕ್ ಮಾಡುವ ಮೊದಲು ಏನು ಕೇಳಬೇಕು?

ಮಲ್ಲಿಗೆಮಾಳ:
ಅಸಾಕುಸಾದ ಒಂದು ರೆಸ್ಟೊರೆಂಟಿನಲ್ಲಿ 90 ನಿಮಿಷದ ಕ್ಲಾಸ್ ನೋಡಿದ್ದೇವೆ. 5 ಜನ ಮೀನು ತಿನ್ನುತ್ತಾರೆ, ಇಬ್ಬರು ಮೊಟ್ಟೆವರೆಗೆ ಮಾತ್ರ, ಒಬ್ಬರಿಗೆ ಮೊಟ್ಟೆಯೂ ಆಗಲ್ಲ. ‘ವೆಜಿಟೇರಿಯನ್ ಇದೆ’ ಅಂತ ಬರೆದಿದ್ದಾರೆ, ಅಷ್ಟು ನಂಬಿದರೆ ಸಾಕಾ? ಅಷ್ಟು ಹೊತ್ತಿನಲ್ಲಿ ಕೈಗೆ ಏನು ಹತ್ತುತ್ತೆ? ಊರಿಗೆ ಬಂದ ಮೇಲೆ ಸೋನಾ ಮಸೂರಿಯಲ್ಲಿ ಮಾಡಬಹುದಾ?

ಒಗ್ಗರಣೆ_ಸೌಟು:
ಸಾಕಾಗಲ್ಲ. ತೊಂದರೆ ಇರೋದು ಕಣ್ಣಿಗೆ ಕಾಣುವ ಮೀನಿನಲ್ಲಲ್ಲ, ದಾಶಿಯಲ್ಲಿ. ದಾಶಿ ಅಂದರೆ ಅಲ್ಲಿನ ಅಡುಗೆಗೆಲ್ಲ ಬುನಾದಿಯಾದ ತಿಳಿಸಾರು. ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿ ಮತ್ತು ಕತ್ಸುಒಬುಶಿ, ಅಂದರೆ ಹೊಗೆ ಹಾಕಿ ಒಣಗಿಸಿದ ಮೀನನ್ನು ಹೆರೆದ ತೆಳು ಚೂರು, ಎರಡೂ ಸೇರಿರುತ್ತೆ. ಕ್ಲಾಸಿನ ಜೊತೆ ಬರುವ ಮಿಸೊ ಸೂಪಿನಲ್ಲಿ ಅದೇ ಇರೋದು. ಇನಾರಿ ಸುಶಿಗೆ ಅನ್ನ ತುಂಬುವ ತೋಫು ಚೀಲ, ಕಂಪ್ಯೋ ಎಂಬ ಒಣ ಸೋರೆಕಾಯಿ ಪಟ್ಟಿ ಬೇಯಿಸೋದೂ ಬಹುಪಾಲು ಅದರಲ್ಲೇ. ತಮಾಗೊಯಾಕಿ ಎಂಬ ಸುರುಳಿ ಆಮ್ಲೆಟ್ಟಿನ ಮೊಟ್ಟೆಗೂ ದಾಶಿ ಬೆರೆಸುವುದು ರೂಢಿ, ಹಾಗಾಗಿ ಮೊಟ್ಟೆ ತಿನ್ನುವ ನಿಮ್ಮ ಇಬ್ಬರಿಗೂ ಅದು ನಡೆಯಲಿಕ್ಕಿಲ್ಲ. ನಾತ್ತೊ, ಅಂದರೆ ಹುದುಗಿಸಿದ ಸೋಯಾ ಕಾಳಿನ, ಪೊಟ್ಟಣದೊಳಗಿನ ಪುಟ್ಟ ಸಾಸಿನಲ್ಲೂ ಸಾಮಾನ್ಯವಾಗಿ ಮೀನಿನ ಅಂಶ ಇರುತ್ತೆ.

‘ಕತ್ಸುಒ ದಾಶಿ ಮೊ ತಬೆರಾರೆಮಾಸೆನ್’, ಅಂದರೆ ಮೀನಿನ ದಾಶಿಯೂ ತಿನ್ನಲ್ಲ, ಅಂತ ಬರೆದು ಕಳಿಸಿ. ಬಾಟಲಿ ಸುಶಿ ವಿನೆಗರ್ ಬಳಸುವವರಾದರೆ ಅದರಲ್ಲಿ ದಾಶಿ ಇದೆಯಾ ಅಂತಲೂ ಕೇಳಿ. ಸೌತೆಕಾಯಿ, ಬೆಣ್ಣೆಹಣ್ಣು, ಶಿಸೊ ಎಲೆ ಇದ್ದರೆ ಮೂವರಿಗೂ ಸಾಕು. ಮೂವರಿಗೆ ಬೇರೆ ಮಣೆ, ಬೇರೆ ಚಾಕು ಅಂತ ಬುಕ್ ಮಾಡುವಾಗಲೇ ಹೇಳಬೇಕು. ಅಲ್ಲಿ ಹೋಗಿ ಕೇಳಿದರೆ ಪಾಪ, ಅವರಿಗೂ ಕಷ್ಟ.

ಬಿದಿರುಚಾಪೆ:
ಅನ್ನ ಸಾಮಾನ್ಯವಾಗಿ ಮೊದಲೇ ತಯಾರಾಗಿರುತ್ತೆ. ವಿನೆಗರ್ ಬೆರೆಸೋದನ್ನೂ ತೋರಿಸುತ್ತಾರಾ ಅಂತ ಕೇಳಿ. ಸುಶಿಯ ಅರ್ಧ ವಿದ್ಯೆ ಅದೇ. ಉಳಿದ ಸಮಯ ಹೊಸೊಮಾಕಿ, ಅಂದರೆ ಸಣ್ಣ ಸುರುಳಿ, ಮತ್ತು ನಿಗಿರಿಗೆ, ಅಂದರೆ ಮೇಲೆ ಮೀನಿಟ್ಟ ಅನ್ನದ ಉಂಡೆಗೆ, ಹೋಗುತ್ತೆ.

ಹೊಸೊಮಾಕಿಗೆ ಅರ್ಧ ನೋರಿ (ಒಣ ಕಡಲಪಾಚಿ) ಹಾಳೆ. ನುಣುಪು ಮೈ ಕೆಳಗೆ, ಒರಟು ಮೈ ಮೇಲೆ. ಅನ್ನ 80 ಗ್ರಾಂ ಅಷ್ಟೆ. ಎಲ್ಲರೂ 120 ಹಾಕ್ತಾರೆ, ಆಮೇಲೆ ಸುರುಳಿ ಮುಚ್ಚಲ್ಲ ಅಂತಾರೆ! ಆಚೆ ಅಂಚಿನಲ್ಲಿ 1 ಸೆಂ.ಮೀ. ಖಾಲಿ ಬಿಡಿ. ಅನ್ನವನ್ನು ಒತ್ತಿ ಬಳಿಯಬೇಡಿ, ಬೆರಳ ತುದಿಯಲ್ಲಿ ಸರಿಸುತ್ತಾ ಹರಡಿ. ಕೈಗೆ ನೀರು ಮತ್ತು ಸ್ವಲ್ಪ ವಿನೆಗರ್ ಬೆರೆಸಿದ ತೆಜು ಹಚ್ಚಿ, ಒಮ್ಮೆ ಚಪ್ಪಾಳೆ ತಟ್ಟಿ ಹೆಚ್ಚಿನದನ್ನು ಕೊಡವಿ. ಕೈ ಒಣಗಿದ್ದರೆ ಅನ್ನವೆಲ್ಲ ಬೆರಳಿಗೇ, ತೀರಾ ಒದ್ದೆಯಿದ್ದರೆ ನೋರಿ ಮೆತ್ತಗಾಗಿ ಹರಿಯುತ್ತೆ. ಸೌತೆಕಾಯಿಯ ತಿರುಳು ತೆಗೆಯದಿದ್ದರೂ ಇದೇ ಗತಿ.

ಸುತ್ತಿದ ಮೇಲೆ ಸೇರಿದ ಅಂಚು ಕೆಳಗೆ ಬರುವಂತೆ ಒಂದು ನಿಮಿಷ ಇಡಿ. ಚಾಕುವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೆಳಗೆ ಒತ್ತದೆ ಎಳೆದು ಕೊಯ್ಯಿರಿ. ಮೊದಲು ಎರಡು ಭಾಗ, ಅವನ್ನು ಜೋಡಿಸಿಟ್ಟು ಮೂರು ಮೂರು: ಒಟ್ಟು 6.

ಒಗ್ಗರಣೆ_ಸೌಟು:
ಸೋನಾ ಮಸೂರಿ ಬೇಡ. ಅದರಲ್ಲಿ ಅಮೈಲೋಸ್ ಎಂಬ ಪಿಷ್ಟ ಜಾಸ್ತಿ, ಅನ್ನ ಉದುರುದುರಾಗುತ್ತೆ. ನಮಗೆ ಚಿತ್ರಾನ್ನಕ್ಕೆ ಬೇಕಾದ ಗುಣವೇ ಇಲ್ಲಿ ದೋಷ. ನೀರು ಹೆಚ್ಚು ಹಾಕಿದರೆ ಮುದ್ದೆಯಾಗುತ್ತೆಯೇ ಹೊರತು ಸುಶಿ ಅನ್ನ ಆಗಲ್ಲ. ಜಪಾನಿ ಗಿಡ್ಡಕ್ಕಿಯೇ ಬೇಕು.

300 ಗ್ರಾಂ ಅಕ್ಕಿಯನ್ನು 4–5 ಸಲ ತೊಳೆದು, 30 ನಿಮಿಷ ನೆನೆಸಿ ಬಸಿದು, 360 ಮಿ.ಲೀ. ನೀರಿನಲ್ಲಿ ಬೇಯಿಸಿ, ಮುಚ್ಚಳ ತೆಗೆಯದೆ 10 ನಿಮಿಷ ಬಿಡಿ. ಅಕ್ಕಿ ವಿನೆಗರ್ 45 ಮಿ.ಲೀ., ಸಕ್ಕರೆ 25 ಗ್ರಾಂ, ಉಪ್ಪು 5 ಗ್ರಾಂ ಕರಗಿಸಿಟ್ಟುಕೊಂಡು ಅನ್ನ ಬಿಸಿ ಇರುವಾಗಲೇ ಸುರಿಯಿರಿ. ಆರಿದ ಮೇಲೆ ಹಾಕಿದರೆ ಒಳಗೆ ಹೀರದೆ ತಳದಲ್ಲಿ ನಿಲ್ಲುತ್ತೆ. ಸೌಟಿನ ಅಂಚಿನಿಂದ ಕತ್ತರಿಸಿದ ಹಾಗೆ ಬೆರೆಸುತ್ತಾ ಬೀಸಣಿಗೆ ಬೀಸಿ. ಇಷ್ಟರಲ್ಲಿ 8 ಸಣ್ಣ ಸುರುಳಿ ಆಗುತ್ತೆ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಪಿಷ್ಟ ಬಿಗಿದು ಅನ್ನ ಗಟ್ಟಿಯಾಗುತ್ತೆ.

ಮಲ್ಲಿಗೆಮಾಳ:
ಥ್ಯಾಂಕ್ಸ್, ಮೂವರಿಗೂ ತಮಾಗೊ ಬೇಡ ಅಂತಲೇ ಬರೆಯುತ್ತೇನೆ. ಮಾರ್ಕೆಟ್ಟಿನ ತಾಜಾ ಮೀನು ತಂದು ಮನೆಯಲ್ಲಿ ನಿಗಿರಿ ಮಾಡಬಹುದಾ?

ಬಿದಿರುಚಾಪೆ:
ಹಸಿಯಾಗಿ ಬೇಡ. ತಾಜಾ ಅನ್ನೋದಕ್ಕೂ ಹಸಿ ತಿನ್ನಬಹುದು ಅನ್ನೋದಕ್ಕೂ ಸಂಬಂಧವಿಲ್ಲ. ಮೀನಿನಲ್ಲಿರಬಹುದಾದ ಅನಿಸಾಕಿಸ್ ಎಂಬ ಪರಾವಲಂಬಿ ಹುಳು ಸಾಯಲು ಮೀನಿನ ಒಳಗಿನವರೆಗೂ -20 ಡಿಗ್ರಿಯಲ್ಲಿ 24 ಗಂಟೆಯಾದರೂ ಇರಬೇಕು. ಮನೆಯ ಫ್ರೀಜರ್ ಅಷ್ಟು ತಣ್ಣಗಿರುತ್ತೆ ಅಂತ ನೆಚ್ಚಿಕೊಳ್ಳೋಕಾಗಲ್ಲ. ವಾಸಾಬಿ, ವಿನೆಗರ್‌ಗೆ ಅದು ಸಾಯಲ್ಲ. ಬೇಯಿಸಿದ ಸಿಗಡಿ ಇಟ್ಟು ಕೈ ಪಳಗಿಸಿ, ಒಂದಕ್ಕೆ ಅನ್ನ 15–20 ಗ್ರಾಂ.

ಅಂದಹಾಗೆ, ಸುರುಳಿ ಸುತ್ತುವ ಬಿದಿರಿನ ಚಾಪೆ ಅಲ್ಲೇ ಕೊಳ್ಳಿ. ಅಡುಗೆ ಪಾತ್ರೆಗಳ ಬೀದಿ ಕಪ್ಪಾಬಾಶಿ ಅಸಾಕುಸಾದಿಂದ ನಡೆದೇ ಹೋಗುವಷ್ಟು ಹತ್ತಿರ. ಬಳಸಿದ ಮೇಲೆ ತೊಳೆದು ಪೂರ್ತಿ ಒಣಗಿಸಿಡಿ, ಇಲ್ಲದಿದ್ದರೆ ನಮ್ಮ ಮಳೆಗಾಲಕ್ಕೆ ದಾರಕ್ಕೆ ಬೂಷ್ಟು ಹಿಡಿಯುತ್ತೆ.