ಪದಚರ್ಚೆ: ಮುಖ್ಯ ಕತೆಯ ಜೊತೆಗೇ ಓಡುವ ಇನ್ನೊಂದು ಕತೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ ಕಡೆಯವನು. ಪ್ಲಸ್ ಟು ಮಕ್ಕಳಿಗೆ ‘ಕಿಂಗ್ ಲಿಯರ್’ ನಾಟಕದ ಕತೆಯನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ರಾಜ ಮತ್ತು ಅವನ ಮೂವರು ಹೆಣ್ಣುಮಕ್ಕಳದ್ದು ಒಂದು ಕತೆ. ಗ್ಲಾಸ್ಟರ್ ಮತ್ತು ಅವನ ಇಬ್ಬರು ಗಂಡುಮಕ್ಕಳದ್ದು ಇನ್ನೊಂದು. ಈ ಎರಡನೆಯದನ್ನು ‘ಉಪಕಥೆ’ ಅಂದರೆ ಸಾಕಾ?

ನನಗೇನೋ ಸಮಾಧಾನ ಇಲ್ಲ. ಉಪಕಥೆ ಅಂದ ಕೂಡಲೇ ಪಂಚತಂತ್ರದಲ್ಲಿ ಕರಟಕ, ದಮನಕರು ಹೇಳುವ ಕತೆಗಳು ನೆನಪಾಗುತ್ತವೆ. ವನಪರ್ವದ ನಳೋಪಾಖ್ಯಾನವೂ ಹಾಗೇ. ಬೃಹದಶ್ವ ಮುನಿ ಧರ್ಮರಾಯನಿಗೆ ಹೇಳುತ್ತಾನೆ, ಅಲ್ಲಿಗೆ ಮುಗಿಯಿತು. ನಳ ಎದ್ದು ಬಂದು ಪಾಂಡವರ ಹತ್ತಿರ ಮಾತಾಡುವುದಿಲ್ಲ. ಗ್ಲಾಸ್ಟರ್ ಹಾಗಲ್ಲ. ಲಿಯರನಿಗೆ ನೆರವಾಗಲು ಹೋಗಿಯೇ ಕಣ್ಣು ಕಳೆದುಕೊಳ್ಳುತ್ತಾನೆ.

ಧನಂಜಯನ ದಶರೂಪಕ, ಅಂದರೆ ನಾಟಕದ ಲಕ್ಷಣ ಹೇಳುವ ಸಂಸ್ಕೃತ ಗ್ರಂಥ, ಇದನ್ನು ಚೆನ್ನಾಗಿ ಬಿಡಿಸಿಟ್ಟಿದೆ. ಮುಖ್ಯ ಕತೆ ಆಧಿಕಾರಿಕ, ಅದಕ್ಕೆ ಒದಗಿಬರುವುದು ಪ್ರಾಸಂಗಿಕ. ಅದರಲ್ಲೂ ದೂರದವರೆಗೆ ಜೊತೆಗೆ ಬಂದರೆ ಪತಾಕೆ, ಸುಗ್ರೀವನ ಕತೆಯ ಹಾಗೆ. ಒಂದು ಕಡೆ ಬಂದು ಹೋದರೆ ಪ್ರಕರಿ, ಶಬರಿಯದ್ದರ ಹಾಗೆ.

ಆದರೆ ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ. ಇಲ್ಲಿ ‘ಇವತ್ತು ಪ್ರಸಂಗ ಯಾವುದು?’ ಅಂದರೆ ಇಡೀ ರಾತ್ರಿಯ ಆಟ ಯಾವುದು ಅಂತ ಅರ್ಥ. ಪ್ರಾಸಂಗಿಕ ಅಂತ ಬರೆದರೆ ಮಕ್ಕಳು ಅದನ್ನೇ ಮುಖ್ಯ ಅಂದುಕೊಂಡಾರು! ಅದೂ ಅಲ್ಲದೆ, ವೇಷ, ಕುಣಿತ ಇಲ್ಲದೆ ಹಾಡು, ಮಾತಿನಲ್ಲೇ ನಡೆಯುವ ತಾಳಮದ್ದಳೆ ಇದೆಯಲ್ಲ, ಅದರಲ್ಲಿ ವಾಲಿವಧೆಗೆ ಕೂತು ನೋಡಿ. ಹಾಡುವ ಭಾಗವತರ ಪದ ಮುಗಿದು, ಬಾಣ ತಾಗಿ ಬಿದ್ದ ವಾಲಿಯಾಗಿ ಮಾತಾಡುವ ಅರ್ಥಧಾರಿ ರಾಮನನ್ನು ಕೇಳಲು ಶುರು ಮಾಡಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅನ್ನುವುದೇ ಮಾತು. ಸೀತೆಯನ್ನು ಹುಡುಕಬೇಕು ಅನ್ನುವುದು ಆಗ ಯಾರ ತಲೆಯಲ್ಲೂ ಇರುವುದಿಲ್ಲ. ನಮ್ಮಲ್ಲಿ ಪತಾಕೆಯೇ ಪ್ರಸಂಗ, ಅಲ್ವಾ?

ಮಲಯಾಳದಲ್ಲೂ ‘ಉಪಕಥ’ ಅಂತಲೇ ಇದೆ. ತಮಿಳಿನ ‘ಕಿಳೈಕ್ಕದೈ’, ಅಂದರೆ ಕೊಂಬೆಕತೆ, ಕೇಳಲು ಚಂದ. ಆದರೆ ಕವಲೊಡೆದ ಕೊಂಬೆ ತಿರುಗಿ ಬಂದು ಕಾಂಡಕ್ಕೆ ಸೇರುವುದಿಲ್ಲವಲ್ಲ.

ಸದ್ಯಕ್ಕೆ ಪಾತ್ರವೊಂದು ಹೇಳುವ ಕತೆಗೆ ‘ಉಪಕಥೆ’, ಒಟ್ಟಿಗೆ ನಡೆಯುವುದಕ್ಕೆ ‘ಜೊತೆಕತೆ’ ಅಂತ ಬರೆದಿಟ್ಟಿದ್ದೇನೆ. ಗೆಳೆಯರೊಬ್ಬರು ‘ಅಡ್ಡಕತೆ’ ಅಂದರು. ಅದರಲ್ಲಿ ದಾರಿಗೆ ಅಡ್ಡ ಬಂದ ವಾಸನೆ ಜಾಸ್ತಿ. ನಾಟಕ ಆಡಿಸುವವರು, ಧಾರಾವಾಹಿಗೆ ಬರೆಯುವವರು ಇದ್ದರೆ ತಿಳಿಸಿ. ತಾಲೀಮಿನ ಹೊತ್ತಿಗೆ ನಿಮ್ಮ ಬಾಯಲ್ಲಿ ಬರುವ ಮಾತು ಯಾವುದು?